ಬೊಜ್ಜ ಮಾಮಯ್ಯನ ಕರಡಿಗೆ

ಕರಡಿಗೆಯ ಮುಚ್ಚಳ ತಿರುವಿ ಒಳಗೆ ಹೆಬ್ಬೆರಳಿಟ್ಟ ಸುಂದರಾಬಾಯಿ, ಇಟ್ಟ ಬೆರಳನ್ನು ತೆಗೆಯದೆ ಹಾಗೇ ನಿಂತಳು. ಹೈದರಾಬಾದಿನ ಆ ಮನೆಯ ಹಿತ್ತಲಲ್ಲಿ ಗಂಡಸರು ಅವಳ ತಮ್ಮ ಅಮೃತಪ್ಪನ ಮೈ ತೊಳೆಯುತ್ತಿದ್ದರು. ನೀರು ಹಾಕುವ ಮುಂಚೆ ಸತ್ತವನ ಕೊರಳಿನಿಂದ ಶಿವದಾರ ತೆಗೆದು, ಲಿಂಗವಿಡುವ ಬೆಳ್ಳಿ ಕರಡಿಗೆಯ ಸಮೇತ ಅವಳ ಕೈಗೆ ಕೊಟ್ಟವನು ಚಿಕ್ಕಮ್ಮನ ಮಗ ಸೂಗಪ್ಪ. ಲಿಂಗವನ್ನು ತೊಳೆದು ಅಯ್ಯನವರಿಗೆ ಕೊಡು ಅಂದಿದ್ದ. ತೊಳೆಯೋಣವೆಂದು ತೆಗೆದರೆ ಒಳಗಿದ್ದದ್ದು ಲಿಂಗವಲ್ಲ.

ದೀಕ್ಷೆಯಾದ ದಿನದಿಂದ ಬೆಳಗಾದರೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದವಳು ಸುಂದರಾಬಾಯಿ. ಅದರ ತೂಕ, ನುಣುಪು, ತಣ್ಣಗಿನ ಸ್ಪರ್ಶ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಇದು ಹಗುರ, ಒರಟು. ಗಾತ್ರ ಬಾರಿಹಣ್ಣಿನಷ್ಟು, ಬಣ್ಣ ಹುಣಸೆ ಬೀಜದ್ದು. ಒಂದು ಮಗ್ಗಲು ಚೂರು ಹಾರಿ ಒಳಗಿನ ಹಳದಿ ಗೆರೆ ಕಾಣುತ್ತಿತ್ತು. ಮೂಸಿ ನೋಡಿದಳು, ವಿಭೂತಿಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಮುಚ್ಚಳ ಬಿಗಿದು ಕರಡಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಹೊದ್ದಳು.

ಅವಳ ಊರು ಹುಮನಾಬಾದಿನ ಓಣಿಯಲ್ಲಿ ಅವಳನ್ನು ಮೊಸರಿನಲ್ಲಿ ಕಲ್ಲು ಹುಡುಕುವವಳು ಅನ್ನುತ್ತಿದ್ದರು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಅನ್ನುವ ಜಾತಿ. ಆದರೆ ಇವತ್ತು ಹುಡುಕದೆಯೇ ಕಲ್ಲು ಸಿಕ್ಕಿತ್ತು, ಅದೂ ಹಾಲುಣಿಸಿ ಬೆಳೆಸಿದಂತೆ ಬೆಳೆಸಿದ ತಮ್ಮನ ಎದೆಯ ಮೇಲೆ.

"ಅಕ್ಕ, ಕರಡಿಗಿ ಎಲ್ಲಿ?" ಒದ್ದೆ ಕೈ ಒರೆಸಿಕೊಳ್ಳುತ್ತ ಸೂಗಪ್ಪ ಒಳಗೆ ಬಂದ. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು, ಸಮಾಜದ ರುದ್ರಭೂಮಿಯ ಉಸ್ತುವಾರಿಯೂ ಅವನದೇ. ಅಲ್ಲಿ ಯಾರು ಕೂತು ಮಣ್ಣಿಗೆ ಹೋಗಬೇಕು, ಯಾರು ಹೋಗಬಾರದು ಎಂಬುದನ್ನು ಶಿವನಿಗಿಂತ ಮೊದಲು ಅವನು ತೀರ್ಮಾನಿಸುತ್ತಿದ್ದ.

"ನನ್ನ ಕಡೆ ಐತಿ. ಮಣ್ಣಿನ ಹೊತ್ತಿಗೆ ಕೊಡ್ತೀನಿ."

"ಈಗ ಕೊಟ್ರ ಏನಾಗತೈತಿ?"

"ಕೊಡ್ತೀನಿ ಅಂದ್ನಲ್ಲ."

ಸೂಗಪ್ಪ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅಕ್ಕ, ಈಗೇ ಹೇಳಿಬಿಡ್ತೀನಿ. ಟೀವಿಯೊಳಗ ಕುಣಿಯೋ ಹೊತ್ನ್ಯಾಗ ಅಣ್ಣ ಲಿಂಗ ತೆಗೆದಿಟ್ಟಾನ ಅಂತ ಮಂದಿ ಆಡ್ಕೋತಿದ್ರು. ಇವತ್ತ ಅಯ್ನೋರು ಎಲ್ಲಾರ ಎದುರಿಗೆ ಅವನ ಎಡಗೈಯಾಗ ಲಿಂಗ ಇಡಬೇಕು, ಅಂದ್ರ ಅವರ ಬಾಯಿ ಮುಚ್ಚತಾವ. ಲಿಂಗ ಇಲ್ಲಂದ್ರ ನಮ್ಮ ಭೂಮಿಯೊಳಗ ಜಾಗಾ ಕೊಡಾಕ ಬರಂಗಿಲ್ಲ. ಅಣ್ಣ ಆದ್ರೂ ಅಷ್ಟ."

"ಜಾಗಾ ಕೊಡದ ಎಲ್ಲಿ ಒಯ್ತೀ ಅವನ್ನ?"

"ಎಲ್ಲಾರೂ ಒಯ್ಯೋಕಡೆ. ಸುಡಗಾಡಿಗೆ." ಹಾಗಂದವನು ತುಸು ನಾಚಿಕೊಂಡು ಹೊರಗೆ ಹೋದ.

ತಮ್ಮನನ್ನು ಸುಡುವುದು. ಅವ್ವ ಸಾಯುವಾಗ ಒಂದೇ ಮಾತು ಹೇಳಿದ್ದಳು, ಅಮೃತನ ಕೈ ಬಿಡಬ್ಯಾಡ ಅಂತ. ಇನ್ನು ಸಂಜೆಯೊಳಗೆ ಆ ಕೈಯಲ್ಲಿ ಲಿಂಗ ಕೂರಬೇಕು. ಲಿಂಗವನ್ನು ಯಾರೋ ತೆಗೆದಿದ್ದಾರೆ, ತೆಗೆದು ಈ ದರಿದ್ರ ಕಲ್ಲನ್ನು ಇಟ್ಟಿದ್ದಾರೆ. ಯಾರು?

ಕೇಳಿಕೊಂಡದ್ದೇ ತಡ, ಕಣ್ಣು ತಾನಾಗಿ ಒಳಕೋಣೆಯ ಕಡೆ ಹೋಯಿತು. ಅಲ್ಲಿ ಹೊಲಿಗೆ ಯಂತ್ರದ ಪಕ್ಕ, ಗೋಡೆಗೊರಗಿ ತಮ್ಮನ ಹೆಂಡತಿ ಗುಣವತಿ ಕೂತಿದ್ದಳು. ಆಳಂದದ ಕಡೆಯ ಜೈನರ ಮಗಳು. ಹಿಮಾಯತ್‌ನಗರದ ಹೊಲಿಗೆ ಕ್ಲಾಸಿನಲ್ಲಿ ಕಲಿಸುತ್ತಿದ್ದವಳನ್ನು ಅಮೃತಪ್ಪ ಮೆಚ್ಚಿ ಮಾಡಿಕೊಂಡಿದ್ದ. ಉಳ್ಳಾಗಡ್ಡಿ ತಿನ್ನದ ಹೆಣ್ಣು ತಂದು ತಮ್ಮನ ರೊಟ್ಟಿಯ ರುಚಿಯನ್ನೇ ಕೆಡಿಸಿದಳು ಎಂಬ ಸಿಟ್ಟು ಸುಂದರಾಬಾಯಿಗೆ ಇವತ್ತಿಗೂ ಇತ್ತು. ಮದುವೆಯಾದ ಹೊಸದರಲ್ಲಿ ಗುಣವತಿಗೆ ಲಿಂಗದೀಕ್ಷೆ ಕೊಡಿಸಬೇಕೆಂದು ಅಮೃತಪ್ಪ ಊರಿನ ಅಯ್ಯನವರನ್ನು ಕರೆತಂದಾಗ ಬಾಗಿಲಿಗೆ ಅಡ್ಡ ನಿಂತವಳೂ ಸುಂದರಾಬಾಯಿಯೇ. "ಬೇಕಾದ್ರ ಸಂಸಾರ ಮಾಡು. ಕೊರಳಿಗೆ ಲಿಂಗ ಕಟ್ಟಿಸೋದು ನಾ ಇರೋತನಕ ಆಗಂಗಿಲ್ಲ" ಅಂದಿದ್ದಳು. ಮಕ್ಕಳಾಗಲಿಲ್ಲ. ಇವಳ ಕಣ್ಣಲ್ಲಿ ಅದೂ ಗುಣವತಿಯ ತಪ್ಪೇ.

ಅಂಥವಳು ಈಗ ಅಳುತ್ತಲೂ ಇರಲಿಲ್ಲ. ಎರಡೂ ಕೈಯಿಂದ ಸೆರಗನ್ನು ಎದೆಗೆ ಬಿಗಿಯಾಗಿ ಹಿಡಿದು, ನೆಲ ನೋಡುತ್ತ ಕೂತಿದ್ದಳು. ಏನೋ ಬಚ್ಚಿಟ್ಟುಕೊಂಡವರು ಕೂರುವ ಹಾಗೆ.

*

ಟೀವಿಯ ಹುಚ್ಚು ಹತ್ತಿದ್ದು ಅಮೃತಪ್ಪನಿಗೆ ನಡುವಯಸ್ಸಿನಲ್ಲಿ. ಉಪ್ಪಲ್ ಕಡೆಯ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ, ಅಲ್ಲೇ ಹತ್ತಿರ ಸಣ್ಣ ಮನೆ ಕಟ್ಟಿಸಿದ್ದ. ಕನ್ನಡ ಸಂಘದ ನಾಟಕಗಳಲ್ಲಿ ಮಾತಿಗಿಂತ ಹೊಟ್ಟೆಯಿಂದಲೇ ಹೆಚ್ಚು ನಗಿಸುತ್ತಿದ್ದ. ಅದನ್ನು ನೋಡಿದ ನರಹರಿ ಎಂಬ ಟೀವಿಯವನು ಮರುದಿನವೇ ಮನೆಗೆ ಬಂದ. ತೆಲುಗಿನಲ್ಲಿ ಮಕ್ಕಳಿಗೆ ಒಂದು ಕಾರ್ಯಕ್ರಮ ಮಾಡುತ್ತಾನಂತೆ, ಹೆಸರು 'ಬೊಜ್ಜಲೋ ಏಮುಂದಿ', ಅಂದರೆ ಹೊಟ್ಟೆಯೊಳಗೆ ಏನಿದೆ. "ಡಾಕ್ಟರ್ ಪಾರ್ಟಿಗೆ ಖರೇ ಡಾಕ್ಟರೇ ಸಿಕ್ಕಾರ್ರಿ. ನನಗ ಹೊಟ್ಟಿ ಪಾರ್ಟಿಗೆ ಜನ ಬೇಕಾಗ್ಯಾದ" ಎಂದು ಕೇಳಿದನಂತೆ.

ಗುಣವತಿ ಒಂದು ಅಂಗಿ ಹೊಲಿದಳು. ಅದರ ಮೈತುಂಬ ಟಿಚ್ ಗುಂಡಿ. ಕೆಂಪು ಮಖಮಲ್ಲಿನ ಯಕೃತ್ತು, ಅದರ ಬುಡಕ್ಕೆ ಹಸಿರು ಪಿತ್ತಕೋಶ, ಗುಲಾಬಿ ಜಠರ, ಕೆಳಗೆ ಮೊಳಗಟ್ಟಲೆ ಹಳದಿ ಕರುಳು. ಭಾನುವಾರ ಬೆಳಿಗ್ಗೆ ಅಮೃತಪ್ಪ ಅದನ್ನು ತೊಟ್ಟು ಮೇಜಿನ ಮೇಲೆ ಅಂಗಾತ ಮಲಗುತ್ತಿದ್ದ. ಮಕ್ಕಳು ಒಂದೊಂದನ್ನೇ ಟಿಚ್ಚೆಂದು ಕಿತ್ತು ತೆಗೆದು ಇದೇನು, ಇದೇನು ಅನ್ನುವರು. ಡಾಕ್ಟರು ಕೋಲು ಹಿಡಿದು ಹೇಳುವರು. ಕಿತ್ತಾಗಲೆಲ್ಲ ಅಮೃತಪ್ಪ ಕನ್ನಡದ ರಾಗದ ತೆಲುಗಿನಲ್ಲಿ ಅಯ್ಯೋ ಅಪ್ಪೋ ಅನ್ನುವನು. ಊರಿನ ಮಕ್ಕಳೆಲ್ಲ ಅವನನ್ನು ಬೊಜ್ಜ ಮಾಮಯ್ಯ ಎಂದು ಕರೆದರು.

ಒಮ್ಮೆ ಹೈದರಾಬಾದಿಗೆ ಬಂದಿದ್ದ ಸುಂದರಾಬಾಯಿ ಅದನ್ನು ನೋಡಿದಳು. ಯಾರದೋ ಮಕ್ಕಳು ತಮ್ಮನ ಕರುಳು ಎಳೆದು ಹಗ್ಗದಾಟ ಆಡುವುದನ್ನು ಕಂಡು ಅವಳಿಗೆ ನಗು ಬರಲಿಲ್ಲ. ಅವಳ ಕಣ್ಣು ನೆಟ್ಟದ್ದು ಅವನ ಕೊರಳಿನ ಮೇಲೆ.

"ಶಿವದಾರ ಎಲ್ಲೋ? ಟೀವಿಯೊಳಗ ಕಾಣಲಿಲ್ಲ."

ಅಮೃತಪ್ಪ ನಕ್ಕ. "ಎದಿಗೆ ಮೈಕು ಸಿಗಸ್ತಾರಕ್ಕ. ಕರಡಿಗಿ ಅದಕ್ಕ ಬಡಿದು ಟಕ್ ಟಕ್ ಅಂತು. ಹುಡುಗರು ಅದು ಗುಂಡಿಗಿ ಸಪ್ಪಳ ಅಂತ ತಿಳಕೊಂಡು ನಮ್ಮ ಗುಂಡಿಗಿ ಯಾಕ ಹಂಗ ಬಡಿಯಂಗಿಲ್ಲ ಅಂತ ಅಳಾಕತ್ತಿದ್ರಂತ. ಅವ್ವಂದಿರು ದವಾಖಾನಿಗೆ ಕರಕೊಂಡು ಓಡಿದ್ರು. ಅದಕ್ಕ ಶೂಟಿಂಗಿನ ಹೊತ್ತಿಗೆ ತೋಳಿಗೆ ಕಟ್ಕೋತೀನಿ."

"ಖರೇನ?"

"ನೋಡು, ಈಗ ಕೊರಳಾಗೇ ಐತಿ." ಅಂಗಿಯೊಳಗಿನಿಂದ ಕರಡಿಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದ.

ಮುಚ್ಚಳ ತೆಗೆ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡಳು. ಒಡಹುಟ್ಟಿದವನ ಲಿಂಗ ತೆಗೆಸಿ ನೋಡುವುದೆಂದರೆ ಅವನ ಮೋರೆಗೆ ಉಗುಳಿದಂತೆ. ಆದರೆ ತಡೆದುಕೊಂಡದ್ದನ್ನು ಮರೆಯಲಿಲ್ಲ.

*

ಮಧ್ಯಾಹ್ನವಾಗುತ್ತ ಅಂಗಳ ತುಂಬಿತು. ಅಮೃತಪ್ಪನ ಮೈಗೆ ವಿಭೂತಿ ಬಳಿದು, ಹೊಸ ಧೋತರ ಉಡಿಸಿ, ಬಾಳೆಕಂಬ ಕಟ್ಟಿದ ಕುರ್ಚಿಯಲ್ಲಿ ಕೂರಿಸಿದ್ದರು. ದೊಡ್ಡ ಹೊಟ್ಟೆಯ ಮೇಲೆ ಹಾರಗಳು ಜಾರದೆ ನಿಂತಿದ್ದವು. ತಲೆ ನೆಟ್ಟಗಿರಲೆಂದು ಕಟ್ಟಿದ ಬಟ್ಟೆಯನ್ನು ಅಯ್ಯನವರು ರೇವಣಯ್ಯ ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ಮುದುಕರು, ಕಡಿಮೆ ಮಾತಿನವರು. ಅವರ ಆ ಮೌನವೂ ಸುಂದರಾಬಾಯಿಗೆ ಇವತ್ತು ಹಿಡಿಸಲಿಲ್ಲ. ಮುದುಕನಿಗೆ ಏನಾದರೂ ಗೊತ್ತಿರಬಹುದೇ?

ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂದವರನ್ನೆಲ್ಲ ಅಳೆದಳು. ಖಾಕಿ ಅಂಗಿಯ ಆಟೋದವನೊಬ್ಬ ಕುರ್ಚಿಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಇವನಿಗೇನು ನೋವು? ಹತ್ತಿರ ಹೋಗಿ ಕೇಳಿದಳು.

"ಬೊಜ್ಜ ಮಾಮಯ್ಯ ಅಮ್ಮಾ" ಅಂದ ಅವನು. ತನ್ನ ಹೊಟ್ಟೆಯ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ತೋರಿಸಿದ. "ಲಿವರು ಇಕ್ಕಡ ಉಂಟುಂದನಿ ಈಯನೇ ನೇರ್ಪಿಂಚಾಡು." ಲಿವರ್ ಎಲ್ಲಿದೆ ಎಂದು ಕಲಿಸಿದ್ದಕ್ಕೆ ಇಷ್ಟು ಅಳುವವರನ್ನು ಅವಳು ಕಂಡಿರಲಿಲ್ಲ. ಆಟೋದವನು ಅನುಮಾನದ ಪಟ್ಟಿಯಿಂದ ಹೊರಬಿದ್ದ, ಪೂರ್ತಿ ಅಲ್ಲದಿದ್ದರೂ.

ನರಹರಿ ಬಂದಾಗ ಮಾತ್ರ ಅವಳ ಮೈಯೆಲ್ಲ ಕಣ್ಣಾಯಿತು. ತಲೆ ಪೂರ್ತಿ ನೆರೆತಿತ್ತು, ಊರುಗೋಲು ಬಂದಿತ್ತು. ಶಿವದಾರ ಬಿಚ್ಚಿಸಿದವನು ಇವನೇ. ಇವನ ಸ್ಟುಡಿಯೋದಲ್ಲೇ ಲಿಂಗ ಕಳೆದಿರಬೇಕು, ಇವನ ಜನರೇ ಸುಮ್ಮನೆ ಯಾವುದೋ ಕಲ್ಲು ಹಾಕಿ ಕೊಟ್ಟಿರಬೇಕು. ಅವನನ್ನು ಹಿತ್ತಲ ನೀರಿನ ತೊಟ್ಟಿಯ ಹತ್ತಿರ ಕರೆದಳು.

"ನರಹರಿಯೋರ, ದೇವರ ಮ್ಯಾಲೆ ಆಣಿ ಇಟ್ಟು ಹೇಳ್ರಿ. ನಿಮ್ಮ ಟೀವಿಯೊಳಗ ನನ್ನ ತಮ್ಮನ ಲಿಂಗ ಕಳೀತೇನ್ರಿ?"

"ಛೇ ಛೇ, ಏನಂತೀರಿ ಬಾಯಾರ. ಲಿಂಗ ಅವರು ಮೈಮ್ಯಾಲಿಂದ ಒಂದ್ ಗಳಿಗಿ ಇಳಿಸಿದವರಲ್ಲ. ತೋಳಿಗೆ ಕಟ್ಕೋತಿದ್ರು, ನಾನೇ ಗಂಟು ಹಾಕೀನಿ."

"ಹಂಗಾದ್ರ ಇದೇನು?" ಕರಡಿಗೆ ತೆಗೆದು ಅಂಗೈಗೆ ಸುರಿದಳು.

ನರಹರಿ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದ. ಚೂರು ಹಾರಿದ ಮಗ್ಗಲನ್ನು ಉಗುರಿನಿಂದ ಮುಟ್ಟಿದ.

"ಇದು ನಮ್ಮ ಕಲ್ಲು. ಅಂದ್ರ ನಮ್ಮ ಕಾರ್ಯಕ್ರಮದ್ದು. ಪಿತ್ತಕೋಶದಾಗ ಕಲ್ಲು ಹ್ಯಾಂಗ ಆಗ್ತಾವ ಅಂತ ಒಂದ್ ವಾರ ತೋರಿಸಿದ್ವಿ. ಅಮೃತಪ್ಪನೋರು ಇದನ್ನ ಬಾಟಲ್ಯಾಗ ಹಾಕ್ಕೊಂಡು ಬಂದಿದ್ರು. ಕ್ಯಾಮೆರಾದವ ಕೈಜಾರಿ ಬೀಳಿಸಿದ, ಆಗ ಈ ಚೂರು ಹಾರಿದ್ದು. ಅವತ್ತ ಅವರು ಸಿಟ್ಟಿಗೆದ್ದಿದ್ದು ನೋಡಬೇಕಿತ್ತು ನೀವು. ಅಷ್ಟು ವರ್ಷದಾಗ ಅದೊಂದೇ ಸಲ."

"ಯಾರ ಹೊಟ್ಟ್ಯಾಗಿನ ಕಲ್ಲು?"

ನರಹರಿ ಒಳಕೋಣೆಯ ಕಡೆ ನೋಡಿದ. "ಗುಣವತಿ ಬಾಯಾರಿಗೆ ಆಪರೇಷನ್ ಆಗಿತ್ತಲ್ಲ. ಅವರದು."

ಗುಣವತಿಯ ಹೊಟ್ಟೆಯ ಕಲ್ಲು, ತಮ್ಮನ ಎದೆಯ ಮೇಲೆ, ಲಿಂಗದ ಜಾಗದಲ್ಲಿ. ಸುಂದರಾಬಾಯಿಗೆ ಇಷ್ಟು ವರ್ಷ ತಿಳಿಯದಿದ್ದದ್ದೆಲ್ಲ ಒಮ್ಮೆಗೇ ತಿಳಿದಂತಾಯಿತು. ಮಾಟ. ತನ್ನ ಮೈಯೊಳಗಿನದನ್ನು ಗಂಡನ ಮೈಗೆ ಕಟ್ಟಿ ಅವನನ್ನು ಕಟ್ಟಿಹಾಕಿದ್ದಾಳೆ. ಊರಿಗೆ ಬಾ ಅಂದರೆ ಬಂದು ಎರಡೇ ದಿನಕ್ಕೆ ತಿರುಗಿ ಹೊರಡುತ್ತಿದ್ದನಲ್ಲ, ಮಗು ಆಗಲಿಲ್ಲ ಇನ್ನೊಂದು ಮದುವೆಯಾಗು ಅಂದರೆ ಎದ್ದು ಹೋಗಿದ್ದನಲ್ಲ, ಎಲ್ಲಕ್ಕೂ ಇದೇ ಮೂಲ. ಅಂಥ ಬುದ್ಧಿವಂತ ಒಂದು ಕಲ್ಲಿಗೆ ಸೋತನಲ್ಲ.

ಹೊರಗೆ ಸೂಗಪ್ಪ ಕೂಗುತ್ತಿದ್ದ. "ಅಕ್ಕ, ಗಾಡಿ ಬಂತು. ಕರಡಿಗಿ ತಾ."

*

ಅವಳು ಒಳಕೋಣೆಗೆ ಹೋಗಿ ಚಿಲಕ ಹಾಕಿದಳು. ಗುಣವತಿ ತಲೆಯೆತ್ತಿದಳು. ಕಣ್ಣು ಒಣಗಿ ಕೆಂಪಾಗಿದ್ದವು.

"ಲಿಂಗ ಎಲ್ಲಿ?" ಸುಂದರಾಬಾಯಿ ಕಲ್ಲನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟಳು. "ಇದನ್ನ ಅವನ ಕೊರಳಿಗೆ ಹಾಕಿ ಅದನ್ನ ಎಲ್ಲಿ ಒಗದಿ? ಯಾವ ಬಾವ್ಯಾಗ?"

ಗುಣವತಿ ಕಲ್ಲನ್ನು ನೋಡಿದಳು.

"ಮಾತಾಡು. ಹೊರಗ ಸೂಗಪ್ಪ ನಿಂತಾನ. ಲಿಂಗ ಸಿಗಲಿಲ್ಲಂದ್ರ ಅವನ್ನ ಸುಡ್ತಾರ. ನೀ ಮಾಡಿದ್ದಕ್ಕ ನನ್ನ ತಮ್ಮ ಬೂದಿ ಆಗಬೇಕೇನು?"

"ಒಗದಿಲ್ರಿ ಅಕ್ಕಾರ." ಗುಣವತಿಯ ದನಿ ಕಿವಿಗೆ ಬಿದ್ದೂ ಬೀಳದಷ್ಟಿತ್ತು. ಸೆರಗು ಸಡಿಲಿಸಿ, ಕುಪ್ಪಸದೊಳಗೆ ಕೈ ಹಾಕಿ, ಬೆವರಿಗೆ ಕಪ್ಪಾದ ದಾರವೊಂದನ್ನು ಎಳೆದಳು. ಅದರ ತುದಿಯಲ್ಲಿ ಬಿಳಿ ಬಟ್ಟೆಯ ಪುಟ್ಟ ಚೀಲ. ಹೊಲಿಗೆ ಎಷ್ಟು ಸಣ್ಣದೆಂದರೆ ಅದು ಅವಳದೇ ಕೈಯೆಂದು ಯಾರೂ ಹೇಳಬೇಕಾಗಿರಲಿಲ್ಲ. "ನನ್ನ ಹಂತೇಕೇ ಐತ್ರಿ."

*

ಪ್ರತಿ ಭಾನುವಾರ ಹಸಿರು ಮಖಮಲ್ಲಿನ ಪಿತ್ತಕೋಶವನ್ನು ತೋರಿಸುವವನ ಮನೆಯಲ್ಲೇ ಹೆಂಡತಿಯ ಪಿತ್ತಕೋಶ ಕೊಳೆಯುತ್ತಿತ್ತು. ಹೊಟ್ಟೆನೋವು ಅಂದಾಗಲೆಲ್ಲ ಅಮೃತಪ್ಪ ಅಜವಾನದ ನೀರು ಕುಡಿ, ವಾಯು ಅಂದಿದ್ದ. ಕಣ್ಣು ಹಳದಿಯಾಗಿ, ಜ್ವರ ನೆತ್ತಿಗೇರಿ, ದವಾಖಾನೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಈಗಲೇ ಕೊಯ್ಯಬೇಕು, ಉಳಿಯುವ ಮಾತು ಹೇಳಲಾರೆ ಅಂದರು.

ಅಮೃತಪ್ಪ ಶೂಟಿಂಗಿನಿಂದ ಹಾಗೇ ಓಡಿ ಬಂದಿದ್ದ. ಕೆನ್ನೆಗೆ ಬಳಿದ ಬಣ್ಣ ಬೆವರಿಗೆ ಇಳಿದಿತ್ತು. ಅವನ ಗುರುತು ಹಿಡಿದು ವಾರ್ಡಿನ ಮಕ್ಕಳು ಮಂಚದಿಂದ ಮಂಚಕ್ಕೆ ಬೊಜ್ಜ ಮಾಮಯ್ಯ ಎಂದು ಪಿಸುಗುಟ್ಟಿದವು. ಅವನು ಆ ಕಡೆ ತಿರುಗಲಿಲ್ಲ.

"ನಾ ಹೋದ್ರ ನಮ್ಮ ಅಣ್ಣಗ ಹೇಳಿ ಕಳಸ್ರಿ. ನಮ್ಮವರು ಬಂದು ದಹನ ಮಾಡ್ತಾರ" ಎಂದಳು ಗುಣವತಿ.

"ಯಾಕ? ನಿನಗ ನನ್ನ ಮಗ್ಗಲಾಗ ಜಾಗಾ ಇಲ್ಲೇನು?"

"ಲಿಂಗ ಇಲ್ಲದಾಕಿಗೆ ಯಾರು ಕೊಡ್ತಾರ್ರಿ."

ಅವನು ತೋಳಿನಿಂದ ಕರಡಿಗೆ ಬಿಚ್ಚಿದ. ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡು, ಅವಳ ಅಂಗೈಯಲ್ಲಿಟ್ಟು ಮುಚ್ಚಿ, ಕಿವಿಯಲ್ಲಿ ಮಂತ್ರ ಹೇಳಿದ. ಅಯ್ಯನವರಿಲ್ಲ, ಕಳಸವಿಲ್ಲ, ಪಕ್ಕದಲ್ಲಿ ಸಲೈನ್ ಬಾಟಲಿ ತೂಗುತ್ತಿತ್ತು. ನರ್ಸಮ್ಮ ಮೈಮೇಲೆ ಏನೂ ಇರಕೂಡದೆಂದು ಬೈದಳು. ಅಮೃತಪ್ಪ ಅವಳ ಎದುರು ಕೈಮುಗಿದು ನಿಂತೇ ಇದ್ದ. ಕೊನೆಗೆ ಅವಳೇ ಬ್ಯಾಂಡೇಜ್ ಬಟ್ಟೆ ಹರಿದು ಲಿಂಗವನ್ನು ಗುಣವತಿಯ ತೋಳಿಗೆ ಬಿಗಿದಳು. ಆ ಬಟ್ಟೆಯಿಂದಲೇ ಆಮೇಲೆ ಚೀಲ ಹೊಲಿದದ್ದು.

ಅವಳು ಉಳಿದಳು. ಮನೆಗೆ ಬಂದ ಮೇಲೆ ಲಿಂಗ ತಿರುಗಿ ಕೊಡಲು ಹೋದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಕಟ್ಟಿದ ಲಿಂಗ ಬಿಚ್ಚಬಾರದು."

"ಹಂಗಾದ್ರ ನೀವು?"

"ನನಗೇನಾಗೇತಿ, ಹುಟ್ಟಿದಾಗಿಂದ ಕಟ್ಕೊಂಡಾವ. ಶಿವಾ ನನ್ನ ಗುರ್ತು ಹಿಡಿಯಂಗಿಲ್ಲೇನು?" ಟೀವಿಯಲ್ಲಿ ತೋರಿಸಿ ತಂದಿದ್ದ ಬಾಟಲಿಯಿಂದ ಕಲ್ಲು ತೆಗೆದು ಕರಡಿಗೆಗೆ ಹಾಕಿಕೊಂಡ. "ಇದು ನಿನ್ನ ಪ್ರಾಣ ಒಯ್ಯಾಕ ಬಂದಿತ್ತು. ಇನ್ನ ಇದನ್ನ ನಂಬಂಗಿಲ್ಲ ನಾ. ನನ್ನ ಎದಿ ಮ್ಯಾಲೇ ಇರಲಿ, ಕಾವಲು ಕಾಯ್ತೀನಿ."

"ಅಕ್ಕಾರಿಗೆ ಗೊತ್ತಾದ್ರ?"

"ಅಕ್ಕ ಕೊರಳು ನೋಡ್ತಾಳ, ಕರಡಿಗಿ ನೋಡ್ತಾಳ. ಮುಚ್ಚಳ ತೆಗಿ ಅನ್ನಂಗಿಲ್ಲ. ಆಕಿ ಮರ್ಯಾದಿ ನನಗ ಗೊತ್ತೈತಿ."

*

ಹೇಳಿ ಮುಗಿಸುವಷ್ಟರಲ್ಲಿ ಗುಣವತಿ ದಾರದ ಗಂಟು ಬಿಚ್ಚಿದ್ದಳು. ಚೀಲದಿಂದ ಲಿಂಗ ತೆಗೆದು ಸುಂದರಾಬಾಯಿಯ ಕೈಗೆ ಹಾಕಿದಳು.

"ತಗೋರಿ. ಅವರ ಕೈಯಾಗ ಇಡ್ರಿ. ಅವರು ಬರಿಗೈಲೆ ಹೋಗಬಾರದು. ಬೆಳಗಿಂದ ಇದನ್ನೇ ವಿಚಾರ ಮಾಡಾಕತ್ತಿದ್ದೆ, ಯಾರ ಕೈಯಾಗ ಕೊಡಲಿ ಅಂತ. ನಂದು ಏನಾಗತೈತಿ ಆಗ್ಲಿ."

ಲಿಂಗ ಬೆಚ್ಚಗಿತ್ತು. ಅವ್ವ ತೊಟ್ಟಿಲಲ್ಲಿ ಅಮೃತನಿಗೆ ಕಟ್ಟಿಸಿದ್ದು ಇದೇ. ಸುಂದರಾಬಾಯಿಯೇ ಆ ದಿನ ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು. ಸಿಕ್ಕಿತು. ಇನ್ನೇನು ಬೇಕು? ಚಿಲಕ ತೆಗೆದು ಹೊರಗೆ ಹೋಗಿ ಅಯ್ಯನವರ ಕೈಯಲ್ಲಿಟ್ಟರೆ ಸೂಗಪ್ಪನ ಬಾಯಿ ಮುಚ್ಚುತ್ತದೆ, ಅವ್ವನ ಮಾತು ಉಳಿಯುತ್ತದೆ, ತಮ್ಮ ತಮ್ಮವರ ನಡುವೆ ಕೂತು ಹೋಗುತ್ತಾನೆ. ಆಮೇಲೆ ಈ ಹೆಣ್ಣನ್ನು ಯಾರಾದರೂ ಒಯ್ದು ಎಲ್ಲಾದರೂ ಸುಡಲಿ.

ಸಿಟ್ಟೂ ಬಂತು. ಇಷ್ಟು ವರ್ಷ ಬಂದಾಗಲೆಲ್ಲ ಕಲ್ಲು ಅಲ್ಲಾಡಿಸಿ ತೋರಿಸಿದನಲ್ಲ ಕಳ್ಳ. ನನಗೆ ಹೇಳಿದ್ದರೆ ಏನಾಗುತ್ತಿತ್ತು? ಏನಾಗುತ್ತಿತ್ತೆಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ಹೋಗಿ ಆ ದವಾಖಾನೆಯ ಮಂಚದಿಂದಲೇ ಬಿಚ್ಚಿಸಿಕೊಂಡು ಬರುತ್ತಿದ್ದಳು.

ಗುಣವತಿಯ ಕುತ್ತಿಗೆಯ ಹಿಂದೆ ದಾರ ಉಜ್ಜಿ ಉಜ್ಜಿ ಬಿದ್ದ ಗೆರೆ ಕಾಣುತ್ತಿತ್ತು. ಸುಂದರಾಬಾಯಿಯ ಕುತ್ತಿಗೆಗೂ ಅಂಥದೇ ಗೆರೆ. ಓಣಿಯ ಎಲ್ಲ ಮುದುಕಿಯರಿಗೂ ಇತ್ತು. ನಿನ್ನೆ ಮೊನ್ನೆ ಕಟ್ಟಿಕೊಂಡವರಿಗೆ ಬೀಳುವ ಗೆರೆಯಲ್ಲ ಅದು.

ಬಾಗಿಲು ಬಡಿಯಿತು. "ಅಕ್ಕ, ಒಳಗೇನ್ ನಡಸೀರಿ ಇಬ್ಬರೂ? ಕರಡಿಗಿ ಕೊಡ್ತಿಯೋ ಇಲ್ಲೋ?" ಸೂಗಪ್ಪನ ದನಿಯಲ್ಲಿ ಈಗ ಅನುಮಾನ ಮುಚ್ಚುಮರೆಯಿಲ್ಲದೆ ಕೇಳುತ್ತಿತ್ತು.

"ತಡಿ, ಬಂದೆ."

ಅವಳು ಲಿಂಗವನ್ನು ಚೀಲಕ್ಕೆ ಹಾಕಿದಳು. "ತಿರುಗು" ಅಂದಳು ಗುಣವತಿಗೆ.

"ಯಾಕ್ರಿ ಅಕ್ಕಾರ?"

"ತಿರುಗು ಅಂದ್ರ ತಿರುಗಬೇಕು."

ಗುಣವತಿ ಬೆನ್ನು ತಿರುಗಿಸಿದಳು. ಸುಂದರಾಬಾಯಿ ದಾರವನ್ನು ಅವಳ ಕೊರಳಿಗೆ ತಂದು, ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು ಗಂಟು ಹಾಕಿ ಜಗ್ಗಿ ನೋಡಿದಳು. ಗುಣವತಿಯ ಹೆಗಲು ಅಲುಗತೊಡಗಿತು. ಬೆಳಗಿನಿಂದ ಬಾರದ ಅಳು ಈಗ ಬಂದಿತ್ತು.

"ಅಳು. ಹೊರಗಿನವರು ಕೇಳಲಿ, ಗಂಡ ಸತ್ರ ಅಳಲಿಲ್ಲ ಅನ್ನೋದು ಬ್ಯಾಡ" ಎಂದು ಸುಂದರಾಬಾಯಿ ಕಲ್ಲನ್ನು ಎತ್ತಿಕೊಂಡಳು. ದೇವರ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು ನೀರಿನಲ್ಲಿ ಅರೆದು, ಕಲ್ಲಿಗೆ ಚೂರು ಹಾರಿದ ಮಗ್ಗಲು ಕಾಣದ ಹಾಗೆ ದಪ್ಪಗೆ ಬಳಿದಳು. ಒಂದು ಬಿಲ್ವಪತ್ರೆ ಸುತ್ತಿ ಕರಡಿಗೆಯಲ್ಲಿಟ್ಟು ಬಾಗಿಲು ತೆಗೆದಳು.

"ಲಿಂಗ ಐತೇನು?" ಎಂದು ನೇರವಾಗಿ ಕೇಳಿದ ಸೂಗಪ್ಪ.

"ನಾ ತೊಳದು ಪೂಜಿ ಮಾಡೀನಿ. ನಿನಗ ನನ್ನ ಮ್ಯಾಲೆ ಅನುಮಾನ ಐತೇನು?"

ಸೂಗಪ್ಪ ಬಾಗಿಲಿನಿಂದ ಸರಿದು ದಾರಿ ಬಿಟ್ಟ.

*

ರುದ್ರಭೂಮಿಯಲ್ಲಿ ಕುಣಿ ತೋಡಿ, ಒಳಗೋಡೆಯಲ್ಲಿ ಕೂರಿಸಲು ಗೂಡು ಕೊರೆದಿದ್ದರು. ಅಮೃತಪ್ಪನ ಹೊಟ್ಟೆಗೆ ಗೂಡು ಸಾಲದೆ ಕುಣಿಯವನು ಇನ್ನೊಮ್ಮೆ ಗುದ್ದಲಿ ಹಾಕಬೇಕಾಯಿತು. ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ ಮೇಲೆ ರೇವಣಯ್ಯ ಕುಣಿಗಿಳಿದು ಕೈ ಚಾಚಿದರು. ಸುಂದರಾಬಾಯಿ ಅಂಚಿನಲ್ಲಿ ಬಗ್ಗಿ ಕರಡಿಗೆಯನ್ನು ಕೊಟ್ಟಳು. ಸೂಗಪ್ಪ ಅವಳ ಭುಜದ ಮೇಲಿಂದ ಇಣುಕುತ್ತಿದ್ದ.

ಅಯ್ಯನವರು ಮುಚ್ಚಳ ತೆಗೆದು ಪತ್ರೆ ಸುತ್ತಿದ್ದನ್ನು ಅಂಗೈಗೆ ತೆಗೆದುಕೊಂಡರು. ಸಾವಿರಾರು ಲಿಂಗ ಮುಟ್ಟಿದ ಕೈ ಅದು. ತೂಕ ನೋಡುವಂತೆ ಕೈ ಒಮ್ಮೆ ಮೇಲೆ ಕೆಳಗೆ ಆಡಿತು, ಅಲ್ಲೇ ನಿಂತಿತು. ತಲೆಯೆತ್ತಿ ಸುಂದರಾಬಾಯಿಯನ್ನು ನೋಡಿದರು.

"ಇದು ಅಮೃತಪ್ಪನೋರದೇನವ್ವ?"

"ಅವನ ಎದಿ ಮ್ಯಾಲೇ ಇತ್ರಿ ಅಯ್ನೋರ. ಒಂದಿನಾನೂ ಬಿಟ್ಟಿರಲಿಲ್ಲ."

ಸುಳ್ಳಿನ ಒಂದು ಅಕ್ಷರವೂ ಇಲ್ಲದ ಮಾತು. ಹಿಂದೆ ಯಾರೋ ಕೆಮ್ಮಿದರು. ಅಯ್ಯನವರು ಇನ್ನೂ ಅವಳನ್ನೇ ನೋಡುತ್ತಿದ್ದರು, ಆಮೇಲೆ ಬಾಗಿ ಸತ್ತವನ ಎಡಗೈ ಬಿಡಿಸಿ, ಅದರಲ್ಲಿ ಪತ್ರೆಯನ್ನಿಟ್ಟು, ಒಂದೊಂದೇ ಬೆರಳು ಮಡಿಸಿದರು. ಮಂತ್ರ ಶುರುವಾಯಿತು.

ಮಣ್ಣು ಕೊಡುವ ಸರದಿ ಬಂತು. ಗುಣವತಿ ಮುಂದೆ ಬಂದಾಗ ಸೂಗಪ್ಪ ಕೈ ಅಡ್ಡ ಹಿಡಿದ. "ವೈನಿ, ನೀವು ಅಲ್ಲೇ ನಿಂದರ್ರಿ. ಲಿಂಗ ಇಲ್ಲದವರು ಕುಣಿ ಹಂತೇಕ ಬರಬಾರದು."

"ಬರ್ತಾಳ ಆಕಿ" ಎಂದಳು ಸುಂದರಾಬಾಯಿ.

"ಅಕ್ಕ, ಪದ್ಧತಿ ಅಂತ ಒಂದೈತಿ."

"ನನಗ ಕಲಸಬ್ಯಾಡ. ನೀ ಹುಟ್ಟೋಕಿಂತ ಮೊದಲಿಂದ ನಾ ಪದ್ಧತಿ ನೋಡೀನಿ."

ಗುಣವತಿ ಬಗ್ಗಿ ಮಣ್ಣು ಹಿಡಿದಳು. ಬಗ್ಗಿದಾಗ ಸೆರಗು ಜಾರಿ, ಕುತ್ತಿಗೆಯ ಹಿಂದಿನ ಎರಡು ಗಂಟಿನ ದಾರ ಬಿಸಿಲಿಗೆ ಬಿತ್ತು. ಸೂಗಪ್ಪನ ಕಣ್ಣು ಅಲ್ಲೇ ನಟ್ಟಿತು. "ಏನದು ವೈನಿ ಕೊರಳಾಗ?" ಎಂದ. ಗುಂಪಿನಲ್ಲಿ ಗುಸುಗುಸು ಎದ್ದಿತು. ಯಾವಾಗ, ಯಾರು ಕೊಟ್ಟರು, ಯಾರ ಲಿಂಗ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಅಯ್ಯನವರು ಕುಣಿಯೊಳಗಿನಿಂದ ತಲೆಯೆತ್ತಲಿಲ್ಲ.

ಅಮೃತಪ್ಪನ ಕುಣಿಯ ಎಡಕ್ಕೆ ಒಂದಿಷ್ಟು ಖಾಲಿ ನೆಲವಿತ್ತು, ತೋಡಿದ ಮಣ್ಣನ್ನು ಅಲ್ಲಿ ಸುರಿಯಲೆಂದು ಆಳುಗಳು ಬುಟ್ಟಿ ಎತ್ತಿದ್ದರು. ಸುಂದರಾಬಾಯಿ ಕುಣಿಯವನಿಗೆ ತನಗೆ ಬಂದಷ್ಟು ಹಿಂದಿಯಲ್ಲಿ, "ಇಧರ್ ಮತ್ ಡಾಲೋ, ಇಲ್ಲಿ ಹಾಕಬ್ಯಾಡ. ಇನ್ನೊಬ್ಬರು ಬರೋರದಾರ" ಎಂದಳು. ಅವನು ಸೂಗಪ್ಪನ ಮುಖ ನೋಡಿದ. ಸೂಗಪ್ಪ ಇಲ್ಲವೆಂದು ತಲೆಯಾಡಿಸಿದ.

ಆಗ ಸುಂದರಾಬಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು ಆ ಖಾಲಿ ನೆಲಕ್ಕೆ ಹೋಗಿ, ತುಂಬಿದ ಬಸ್ಸಿನಲ್ಲಿ ತನ್ನವರಿಗೆ ಸೀಟು ಹಿಡಿಯುವವಳಂತೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಸೂಗಪ್ಪ ಅಕ್ಕ, ಏಳು ಅಂದ. ಕೈ ಹಿಡಿದು ಎಬ್ಬಿಸಲು ಬಂದ. ಅವಳು ಮಿಸುಕಲಿಲ್ಲ. ಆಳುಗಳು ಇನ್ನಷ್ಟು ಹೊತ್ತು ಕಾದು ನೋಡಿ, ಮಣ್ಣಿನ ಬುಟ್ಟಿಗಳನ್ನು ಹೊತ್ತು ಅವಳನ್ನು ಬಳಸಿಕೊಂಡು ಆಚೆ ಹೋದರು.